ಸೀರೆ ಮೇಲೆ ಮೇಣ ಬಿತ್ತಾ? ಗಾಬರಿಯಾಗಿ ಬಿಸಿನೀರು ಸುರಿಯಬೇಡಿ. ಮಳೆಗಾಲದ ಮನೆಗೆ ಒಂದಿಷ್ಟು ಉಪಾಯ

ಶಿವಮೊಗ್ಗ: ಮಲೆನಾಡಿನಲ್ಲಿ ಗಾಳಿ-ಮಳೆ ಜೋರಾಯ್ತು ಅಂದ್ರೆ ಎಲ್ಲೋ ಒಂದು ಮರ ಲೈನ್ ಮೇಲೆ ಬೀಳುತ್ತೆ, ಕರೆಂಟ್ ಹೋಗುತ್ತೆ. ಇನ್ವರ್ಟರ್ ಇರುವ ಮನೆಯಲ್ಲೂ ಎರಡನೇ ದಿನಕ್ಕೆ ಬ್ಯಾಟರಿ ಕೈಕೊಡುತ್ತೆ. ಆಮೇಲೆ ಡ್ರಾಯರ್ ತಡಕಾಡಿ ಮೇಣದಬತ್ತಿ ಹಚ್ಚೋದೇ. ಬೆಳಗಾದ ಮೇಲೆ ನೋಡಿದರೆ ಟೇಬಲ್ ಮೇಲೆ, ನೆಲದ ಮೇಲೆ, ಮಕ್ಕಳ ಯೂನಿಫಾರ್ಮ್ ಮೇಲೆ ಮೇಣದ ಹನಿಗಳು. ಹಬ್ಬದ ದಿನವಾದರೆ ರೇಷ್ಮೆ ಸೀರೆ ಮೇಲೂ ಬಿದ್ದಿರುತ್ತೆ.

ಬಿದ್ದ ಮೇಣ ತೆಗೆಯೋದು ದೊಡ್ಡ ಕೆಲಸವಲ್ಲ. ಆದರೆ ಬಿದ್ದ ತಕ್ಷಣ ಗಡಿಬಿಡಿಯಲ್ಲಿ ಮಾಡುವ ಕೆಲಸದಿಂದಲೇ ಬಟ್ಟೆ ಹಾಳಾಗೋದು ಜಾಸ್ತಿ. ಇದು ನಮ್ಮ ಮನೆಯಲ್ಲೇ ಆದ ಅನುಭವ.

ವರಮಹಾಲಕ್ಷ್ಮಿ ಹಬ್ಬದ ಸಂಜೆ

ಕಳೆದ ಶ್ರಾವಣದಲ್ಲಿ ಮನೆಯಲ್ಲಿ ವರಮಹಾಲಕ್ಷ್ಮಿ ಪೂಜೆ. ಅತ್ತಿಗೆ ಅಂದು ಉಟ್ಟಿದ್ದು ಅಮ್ಮನ ಧಾರೆ ಸೀರೆ. ಕೆನೆ ಬಣ್ಣದ ರೇಷ್ಮೆ, ಕೆಂಪು ಅಂಚು. ನಲವತ್ತು ವರ್ಷದಿಂದ ಅಮ್ಮ ಅದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಸಂಜೆ ಮುತ್ತೈದೆಯರಿಗೆ ಅರಿಶಿನ-ಕುಂಕುಮ ಕೊಡುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯ್ತು. ಮಕ್ಕಳು ಹುಟ್ಟುಹಬ್ಬಕ್ಕೆ ತಂದು ಉಳಿದಿದ್ದ ಕೆಂಪು ಮೇಣದಬತ್ತಿ ಹಚ್ಚಿದರು. ತಟ್ಟೆ ಎತ್ತಿಕೊಳ್ಳುವಾಗ ಬತ್ತಿ ವಾಲಿ, ಕರಗಿದ್ದ ಮೇಣವೆಲ್ಲ ಸೆರಗಿನ ಮೇಲೆ ಬಿತ್ತು.

ಬಿದ್ದದ್ದು ರೂಪಾಯಿ ನಾಣ್ಯದಷ್ಟು ಅಗಲ. ಅತ್ತಿಗೆ ಹೆದರಿ ಬಚ್ಚಲಿಗೆ ಓಡಿ ಹಂಡೆಯ ಬಿಸಿನೀರನ್ನು ಅದರ ಮೇಲೇ ಸುರಿದರು. ಮೇಣ ಕರಗಿ ಅಂಗೈ ಅಗಲ ಹರಡಿತು, ಜೊತೆಗೆ ಬತ್ತಿಯ ಕೆಂಪು ಬಣ್ಣವೂ ಹರಡಿತು. ಬಂದವರಲ್ಲಿ ಒಬ್ಬರು "ಸೀಮೆಎಣ್ಣೆ ಹಾಕಿ ಉಜ್ಜಿದ್ರೆ ಹೋಗುತ್ತೆ" ಅಂದರು. ಪಕ್ಕದಲ್ಲೇ ದೀಪ ಉರಿಯುತ್ತಿತ್ತು. ಪುಣ್ಯಕ್ಕೆ ಮನೆಯಲ್ಲಿ ಸೀಮೆಎಣ್ಣೆ ಇರಲಿಲ್ಲ. ರಾತ್ರಿ ಕರೆಂಟ್ ಬಂದ ಮೇಲೆ ಅಣ್ಣ ಸಹಾಯ ಮಾಡೋಣ ಅಂತ ದಿನಪತ್ರಿಕೆ ಹಾಸಿ ಇಸ್ತ್ರಿ ಪೆಟ್ಟಿಗೆ ಇಟ್ಟ. ಮೇಣ ಒಂದಷ್ಟು ಹೋಯ್ತು, ಆದರೆ ಪೇಪರ್‌ನ ಕಪ್ಪು ಶಾಯಿ ಸೀರೆಗೆ ಹತ್ತಿತು.

ಮರುದಿನ ಅದನ್ನು ತೆಗೆದುಕೊಂಡು ಪೇಟೆಯ ಇಸ್ತ್ರಿ ಅಂಗಡಿಗೆ ಹೋದೆವು. ಅಂಗಡಿಯ ಹಿರಿಯರು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದ್ದು ಇಷ್ಟೇ: "ಮೇಣ ತೆಗೆಯೋದು ಕಷ್ಟ ಅಲ್ಲ ಮಾರಾಯ್ರೆ. ಮೇಣ ತೆಗೀಲಿಕ್ಕೆ ಅಂತ ನೀವು ಮಾಡಿದ್ದೀರಲ್ಲ, ಅದನ್ನ ತೆಗೆಯೋದು ಕಷ್ಟ."

ಆ ಸೀರೆ ಕೊನೆಗೆ ಏನಾಯ್ತು ಅನ್ನೋದನ್ನು ಕೊನೆಯಲ್ಲಿ ಹೇಳುತ್ತೇವೆ. ಮೊದಲು, ಅವತ್ತು ಏನು ಮಾಡಬೇಕಿತ್ತು ಅನ್ನೋದನ್ನು ನೋಡೋಣ.

ಮೇಣದ ಸ್ವಭಾವ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮೇಣದಬತ್ತಿ ಪ್ಯಾರಾಫಿನ್ ಮೇಣದ್ದು. ಪೆಟ್ರೋಲ್, ಡೀಸೆಲ್ ಬರುವ ಕಚ್ಚಾತೈಲದಿಂದಲೇ ಇದೂ ಬರುತ್ತದೆ. ಹಾಗಾಗಿ ನೀರಿಗೂ ಇದಕ್ಕೂ ಆಗಿಬರುವುದಿಲ್ಲ. ಎಷ್ಟು ನೀರು ಹಾಕಿ ತಿಕ್ಕಿದರೂ ಮೇಣ ನೀರಿನಲ್ಲಿ ಕರಗಿ ಹೋಗುವುದಿಲ್ಲ.

ಅದು ಬಿಸಿಗೆ ಕರಗುತ್ತದೆ. ಅದೂ ತುಂಬಾ ಬಿಸಿ ಬೇಕಿಲ್ಲ. ಸುಮಾರು 50ರಿಂದ 65 ಡಿಗ್ರಿ ಸೆಲ್ಸಿಯಸ್ ಸಾಕು. ಜೇನುಮೇಣ ಕರಗುವುದೂ 62-64 ಡಿಗ್ರಿಯ ಆಸುಪಾಸಿನಲ್ಲೇ. ಕುದಿಯುವ ನೀರು 100 ಡಿಗ್ರಿ. ಇಸ್ತ್ರಿ ಪೆಟ್ಟಿಗೆಯ ಒಂದು ಚುಕ್ಕೆ ಅಂದರೆ ಸುಮಾರು 110 ಡಿಗ್ರಿ, ಎರಡು ಚುಕ್ಕೆ 150, ಮೂರು ಚುಕ್ಕೆ 200. ಅಂದರೆ ಮೇಣ ಕರಗಿಸಲು ಇಸ್ತ್ರಿ ಪೆಟ್ಟಿಗೆಯ ಪೂರ್ತಿ ಬಿಸಿ ಯಾವತ್ತೂ ಬೇಕಾಗುವುದಿಲ್ಲ.

ಬಿಸಿಯಾದಾಗ ಮೇಣ ಎಣ್ಣೆಯಂತೆ ಎಳೆಎಳೆಯೊಳಗೆ ಇಳಿಯುತ್ತದೆ. ತಣ್ಣಗಾದಾಗ ಗಟ್ಟಿಯಾಗಿ, ಪುಡಿಪುಡಿಯಾಗಿ ಒಡೆಯುತ್ತದೆ. ಆದ್ದರಿಂದ ಮೊದಲು ತಣ್ಣಗೆ ಮಾಡಿ ಮೇಲಿನ ದಪ್ಪ ಮೇಣವನ್ನು ತೆಗೆಯಬೇಕು. ಆಮೇಲೆ ಒಳಗೆ ಉಳಿದಿದ್ದನ್ನು ಬಿಸಿ ಮಾಡಿ, ಕಾಗದಕ್ಕೋ ಬಟ್ಟೆಗೋ ಹೀರಿಸಬೇಕು. ಕೊನೆಗೆ ಬಣ್ಣ ಉಳಿದಿದ್ದರೆ ಅದನ್ನು ನೋಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ತಪ್ಪಿದ್ದು ಈ ಕ್ರಮವೇ. ತಣ್ಣಗೆ ಮಾಡಬೇಕಾದಾಗ ಬಿಸಿ ಮಾಡಿದೆವು, ಹೀರಿಕೊಳ್ಳಲು ಏನನ್ನೂ ಇಡಲಿಲ್ಲ.

ಬಿದ್ದ ತಕ್ಷಣ ಏನು ಮಾಡಬೇಕು?

ಮೊದಲು ಬೆಂಕಿ ಆರಿಸಿ ಅಥವಾ ಮೇಣದಬತ್ತಿಯನ್ನು ದೂರ ಇಡಿ. ಮೇಣ ಮೈಗೆ ತಾಗಿದೆಯಾ ನೋಡಿ; ತಾಗಿದ್ದರೆ ಬಟ್ಟೆಯ ಯೋಚನೆ ಆಮೇಲೆ.

ಬಟ್ಟೆಗೆ ಮಾತ್ರ ಬಿದ್ದಿದ್ದರೆ ಮುಟ್ಟಬೇಡಿ. ಒರೆಸಲು ಹೋದರೆ ಕರಗಿದ ಮೇಣ ಇನ್ನಷ್ಟು ಅಗಲಕ್ಕೆ ಹರಡುತ್ತದೆ. ಹತ್ತು-ಹದಿನೈದು ನಿಮಿಷ ಹಾಗೇ ಬಿಡಿ, ತಾನಾಗಿ ಗಟ್ಟಿಯಾಗುತ್ತದೆ. ಬಟ್ಟೆಯ ಮಡಿಕೆಗಳು ಒಂದಕ್ಕೊಂದು ಅಂಟದಂತೆ ಬಿಡಿಸಿ ಹಿಡಿಯಿರಿ. ಸೀರೆಯ ಸೆರಗಾದರೆ ನೆರಿಗೆಗೆ ತಾಗದಂತೆ ಎತ್ತಿಕೊಳ್ಳಿ, ಅಷ್ಟೇ ಸಾಕು.

ಗಟ್ಟಿಯಾದ ಮೇಲೆ ಇನ್ನಷ್ಟು ತಣ್ಣಗೆ ಮಾಡಿ. ಫ್ರಿಜ್ ಇದ್ದರೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ದೊಡ್ಡ ಬಟ್ಟೆಯಾದರೆ ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ, ಮೇಣದ ಮೇಲೆ ಐದು ನಿಮಿಷ ಇಡಿ. ಐಸ್ ನೇರವಾಗಿ ರೇಷ್ಮೆಗೆ ತಾಗುವುದು ಬೇಡ, ನೀರಿನ ಕಲೆ ಉಳಿಯುತ್ತದೆ. ಕರೆಂಟ್ ಇಲ್ಲದೆ ಐಸ್ ಕರಗಿ ಹೋಗಿದ್ದರೂ ಚಿಂತೆಯಿಲ್ಲ, ಮಳೆಗಾಲದ ನಮ್ಮ ಚಳಿಗೆ ರಾತ್ರಿ ಕಳೆಯುವಷ್ಟರಲ್ಲಿ ಮೇಣ ಸಾಕಷ್ಟು ಗಟ್ಟಿಯಾಗಿರುತ್ತದೆ.

ಆಮೇಲೆ ಬಟ್ಟೆಯನ್ನು ಮೆಲ್ಲಗೆ ಬಾಗಿಸಿ. ಮೇಣ ಬಿರುಕು ಬಿಟ್ಟು ಚೂರುಚೂರಾಗಿ ಏಳುತ್ತದೆ. ಉಳಿದಿದ್ದನ್ನು ಹಳೆಯ ಎಟಿಎಂ ಕಾರ್ಡ್, ಪ್ಲಾಸ್ಟಿಕ್ ಸ್ಕೇಲ್ ಅಥವಾ ಚಮಚದ ಹಿಂಬದಿಯಿಂದ ಒಂದೇ ದಿಕ್ಕಿನಲ್ಲಿ ಎಬ್ಬಿಸಿ. ಚಾಕು, ಬ್ಲೇಡ್ ಬೇಡ. ಜರಿ ಮೇಲೆ ಉಗುರಿನಿಂದ ಕೆರೆಯಲೂ ಬೇಡಿ. ಜರಿ ಎಳೆ ಒಮ್ಮೆ ಕಿತ್ತರೆ ಮತ್ತೆ ಕೂರುವುದಿಲ್ಲ.

ಬಿದ್ದ ಮೇಣದಲ್ಲಿ ಹೆಚ್ಚಿನ ಪಾಲು ಇಷ್ಟರಲ್ಲೇ ಹೋಗಿರುತ್ತದೆ. ಉಳಿಯುವುದು ಎಣ್ಣೆ ಬಿದ್ದಂತೆ ಕಾಣುವ ಒಂದು ಮಸುಕು ಗುರುತು.

ಇಸ್ತ್ರಿ ಪೆಟ್ಟಿಗೆ ಬೇಕಿಲ್ಲ, ಒಂದು ಚೊಂಬು ಸಾಕು

ಈ ಗುರುತು ತೆಗೆಯಲು ಸಾಮಾನ್ಯವಾಗಿ ಹೇಳುವ ಉಪಾಯ ಕಾಗದ ಇಟ್ಟು ಇಸ್ತ್ರಿ ಮಾಡುವುದು. ಆದರೆ ನಮ್ಮಲ್ಲಿ ಮೇಣ ಬೀಳುವುದೇ ಕರೆಂಟ್ ಹೋದಾಗ! ಆಗ ಇಸ್ತ್ರಿ ಪೆಟ್ಟಿಗೆ ಎಲ್ಲಿಂದ ತರೋದು?

ಅಂಗಡಿಯ ಹಿರಿಯರು ಮಾಡಿ ತೋರಿಸಿದ್ದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವಿದ್ಯೆಯೇ. ಇಸ್ತ್ರಿ ಪೆಟ್ಟಿಗೆ ಇಲ್ಲದ ಕಾಲದಲ್ಲಿ ಚೊಂಬಿಗೆ ಕೆಂಡ ತುಂಬಿ ಅಂಗಿ ಉಜ್ಜುತ್ತಿದ್ದರಲ್ಲ, ಹಾಗೇ. ಇಲ್ಲಿ ಕೆಂಡದ ಬದಲು ಕುದಿಯುವ ನೀರು. ತಳ ಚಪ್ಪಟೆ ಇರುವ ಸ್ಟೀಲ್ ಚೊಂಬು ಅಥವಾ ಸಣ್ಣ ಪಾತ್ರೆಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕುದಿನೀರು ಹಾಕಿ. ತಳ ಮತ್ತು ಹೊರಗಡೆ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ. ದಪ್ಪ ಬಟ್ಟೆಯಿಂದ ಹಿಡಿದುಕೊಳ್ಳಿ. ಅದೇ ನಿಮ್ಮ ಇಸ್ತ್ರಿ ಪೆಟ್ಟಿಗೆ.

ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ನೀರಿರುವ ಚೊಂಬಿನ ತಳ 100 ಡಿಗ್ರಿ ದಾಟುವುದಿಲ್ಲ. ಮೇಣ ಕರಗಲು ಅಷ್ಟು ಸಾಕು, ರೇಷ್ಮೆ ಸುಡಲು ಅಷ್ಟು ಸಾಲದು. ಕರೆಂಟ್ ಇದ್ದರೂ ನಾಜೂಕು ಬಟ್ಟೆಗೆ ಇದೇ ಒಳ್ಳೆಯದು.

ಮಾಡುವ ರೀತಿ ಹೀಗೆ:

- ಟೇಬಲ್ ಮೇಲೆ ಹಳೆಯ ಹತ್ತಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ.
- ಅದರ ಮೇಲೆ ಬಿಳಿ ಟಿಶ್ಯೂ ಅಥವಾ ಅಡುಗೆಮನೆಯ ಪೇಪರ್ ಟವೆಲ್ ಇಡಿ. ಅದರ ಮೇಲೆ ಕಲೆಯಾದ ಭಾಗ ಬರಲಿ.
- ಕಲೆಯ ಮೇಲೂ ಒಂದು ಟಿಶ್ಯೂ ಇಡಿ. ಮೇಲೊಂದು ಕೆಳಗೊಂದು, ನಡುವೆ ಬಟ್ಟೆ.
- ಬಿಸಿ ಚೊಂಬನ್ನು ಮೇಲಿಟ್ಟು ಹದಿನೈದು-ಇಪ್ಪತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಜ್ಜಬೇಡಿ, ಎಳೆಯಬೇಡಿ.
- ಎತ್ತಿ ನೋಡಿ. ಟಿಶ್ಯೂ ಮೇಲೆ ಎಣ್ಣೆ ಗುರುತು ಬಂದಿರುತ್ತದೆ. ಅದು ನಿಮ್ಮ ಬಟ್ಟೆಯಿಂದ ಬಂದ ಮೇಣ.
- ಟಿಶ್ಯೂವಿನ ಹೊಸ ಜಾಗ ಇಟ್ಟು ಮತ್ತೆ ಒತ್ತಿ. ಟಿಶ್ಯೂ ಮೇಲೆ ಗುರುತು ಬರುವುದು ನಿಲ್ಲುವ ತನಕ ಮಾಡಿ. ನೀರು ತಣ್ಣಗಾದರೆ ಬದಲಿಸಿ.

ಹಳೆಯ ಟಿಶ್ಯೂವನ್ನೇ ಮತ್ತೆ ಮತ್ತೆ ಬಳಸಿದರೆ ತೆಗೆದ ಮೇಣ ಬಟ್ಟೆಗೇ ವಾಪಸ್ ಹೋಗುತ್ತದೆ. ಇಲ್ಲಿ ಕಂಜೂಸಿತನ ಬೇಡ.

ದಿನಪತ್ರಿಕೆ ಬಳಸಬೇಡಿ, ಬಿಸಿಗೆ ಅದರ ಶಾಯಿ ಬಟ್ಟೆಗೆ ಹತ್ತುತ್ತದೆ. ಪ್ರಿಂಟ್ ಇರುವ ಕವರ್, ಒಳಗೆ ಪ್ಲಾಸ್ಟಿಕ್ ಪದರ ಇರುವ ಕಾಗದವೂ ಬೇಡ. ಪ್ರಿಂಟ್ ಇಲ್ಲದ ಬೇಕರಿಯ ಕಂದು ಕಾಗದದ ಕವರ್ ಆಗಬಹುದು.

ಯಾವ ಬಟ್ಟೆಗೆ ಹೇಗೆ?

ಹತ್ತಿ: ಪಂಚೆ, ಹಾಸಿಗೆ ಬಟ್ಟೆ, ಹತ್ತಿ ಸೀರೆ ಇದಕ್ಕೆಲ್ಲ ಇಸ್ತ್ರಿ ಪೆಟ್ಟಿಗೆಯನ್ನೇ ಒಂದು ಚುಕ್ಕೆಗಿಟ್ಟು, ಆವಿ ಬಂದ್ ಮಾಡಿ, ಕಾಗದದ ಮೇಲೆ ಬಳಸಬಹುದು. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಬೆರಳಿನಿಂದ ಉಜ್ಜಿ, ಹತ್ತು ನಿಮಿಷ ಬಿಟ್ಟು, ಬಟ್ಟೆ ತಡೆಯುವಷ್ಟು ಬಿಸಿನೀರಿನಲ್ಲಿ ಒಗೆಯಿರಿ. ಬಿಸಿನೀರಿನ ಸರದಿ ಬರುವುದು ಈಗ. ಹೆಚ್ಚಿನ ಮೇಣ ಹೋದ ಮೇಲೆ ಸೋಪಿನ ಜೊತೆ ಅದು ಉಳಿದ ಜಿಡ್ಡನ್ನು ತೆಗೆಯುತ್ತದೆ.

ರೇಷ್ಮೆ: ಚೊಂಬು ಮಾತ್ರ. ತೊಳೆಯಲೇಬೇಕು ಅಂತಿದ್ದರೆ ಮೊದಲು ಒಳಗೆ ಸೇರುವ ತುದಿಯಲ್ಲಿ ಒದ್ದೆ ಬಿಳಿ ಬಟ್ಟೆ ಒತ್ತಿ, ಬಣ್ಣ ಬಿಡುತ್ತಾ ನೋಡಿ. ಬಿಡದಿದ್ದರೆ ನೆನೆಸಿದ ಅಂಟುವಾಳದ ತಿಳಿನೀರಿನಲ್ಲಿ, ತಣ್ಣೀರಿನಲ್ಲೇ, ತಿಕ್ಕದೆ ಅದ್ದಿ ತೆಗೆಯಬಹುದು. ಬೆಲೆಬಾಳುವ ಸೀರೆಯಾದರೆ ಮೇಲಿನ ಮೇಣ ಕಿತ್ತು ಡ್ರೈಕ್ಲೀನಿಂಗ್‌ಗೆ ಕೊಡುವುದೇ ಲೇಸು. ಅಲ್ಲಿ ಬಳಸುವ ದ್ರಾವಣಗಳಿಗೆ ಮೇಣ, ಜಿಡ್ಡು ಕರಗುತ್ತದೆ. "ಇದು ಮೇಣ" ಅಂತ ಹೇಳಿಯೇ ಕೊಡಿ, ಮನೆಯಲ್ಲಿ ಏನೇನು ಹಾಕಿದ್ದೀರಿ ಅನ್ನೋದನ್ನೂ ಮುಚ್ಚಿಡದೆ ಹೇಳಿ.

ಪಾಲಿಯೆಸ್ಟರ್, ನೈಲಾನ್, ಯೂನಿಫಾರ್ಮ್ ಬಟ್ಟೆ: ಇವು ಜಾಸ್ತಿ ಬಿಸಿಗೆ ಮುದುಡಿ ಹೊಳಪು ಗುರುತು ಬೀಳುತ್ತವೆ. ಚೊಂಬೇ ಸಾಕು. ರೇನ್‌ಕೋಟ್, ಛತ್ರಿ ಬಟ್ಟೆಗೆ ಬಿಸಿ ಬೇಡವೇ ಬೇಡ. ತಣ್ಣಗೆ ಮಾಡಿ ಎಬ್ಬಿಸಿದರೆ ಸಾಕು.

ಉಣ್ಣೆ, ಸ್ವೆಟರ್, ಕಂಬಳಿ: ಇಲ್ಲಿ ತಣ್ಣಗೆ ಮಾಡುವ ಹಂತವೇ ಮುಖ್ಯ. ಫ್ರೀಜರ್‌ನಿಂದ ತೆಗೆದ ತಕ್ಷಣ ಮುರಿದರೆ ಎಳೆಗಳ ನಡುವಿನ ಮೇಣವೂ ಉದುರುತ್ತದೆ. ಉಳಿದಿದ್ದಕ್ಕೆ ಚೊಂಬು. ಬಿಸಿನೀರಿನಲ್ಲಿ ಉಜ್ಜಿ ತೊಳೆದರೆ ಉಣ್ಣೆ ಕುಗ್ಗುತ್ತದೆ.

ಮಣಿ, ಕಲ್ಲು, ಮಿಂಚು ಅಂಟಿಸಿದ ಬಟ್ಟೆ: ಬಿಸಿಗೆ ಮೇಣದ ಜೊತೆ ಅಂಟೂ ಕರಗಿ ಕಲ್ಲುಗಳೆಲ್ಲ ಉದುರಬಹುದು. ಮೇಲಿನದ್ದನ್ನು ತೆಗೆದು ಉಳಿದಿದ್ದನ್ನು ಗೊತ್ತಿದ್ದವರ ಕೈಗೆ ಕೊಡಿ.

ಮೇಣ ಇರುವ ಬಟ್ಟೆಯನ್ನು ಹಾಗೇ ವಾಷಿಂಗ್ ಮಷಿನ್‌ಗೆ ಹಾಕುವುದು ಬೇಡ. ತಣ್ಣೀರಿನಲ್ಲಿ ಅದು ಹೋಗುವುದಿಲ್ಲ. ಬಿಸಿನೀರಿನಲ್ಲಿ ಕರಗಿ ಬೇರೆ ಬಟ್ಟೆಗಳಿಗೂ ಹತ್ತುತ್ತದೆ.

ಬಣ್ಣದ ಬತ್ತಿಯಾಗಿದ್ದರೆ?

ಬಿಳಿ ಮೇಣದಬತ್ತಿ ಬಿದ್ದರೆ ಮೇಣ ಹೋದ ಮೇಲೆ ಕೆಲಸ ಮುಗಿಯಿತು. ಕೆಂಪು, ನೀಲಿ, ಹಸಿರು ಬತ್ತಿಗಳಲ್ಲಿ ಮೇಣದ ಜೊತೆ ಬಣ್ಣವೂ ಇರುತ್ತದೆ. ಬಿಸಿ ಮಾಡಿದಾಗ ಬಣ್ಣ ಎಳೆಯೊಳಗೆ ಇಳಿಯಬಹುದು. ಅದಕ್ಕೇ ಬಣ್ಣದ ಬತ್ತಿಯಾದರೆ ತಣ್ಣಗೆ ಮಾಡಿ ತೆಗೆಯುವ ಹಂತದಲ್ಲಿ ಎರಡು ಪಟ್ಟು ತಾಳ್ಮೆ ಬೇಕು. ಎಷ್ಟು ಹೆಚ್ಚು ಮೇಣ ತಣ್ಣಗಿರುವಾಗಲೇ ಹೋಗುತ್ತದೋ ಅಷ್ಟು ಕಡಿಮೆ ಬಣ್ಣ ಉಳಿಯುತ್ತದೆ.

ಹತ್ತಿ ಬಟ್ಟೆಯಲ್ಲಿ ಬಣ್ಣ ಉಳಿದರೆ ಮೆಡಿಕಲ್‌ನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ಅನ್ನು ಹತ್ತಿಯಲ್ಲಿ ಅದ್ದಿ, ಕೆಳಗೆ ಬಿಳಿ ಬಟ್ಟೆ ಇಟ್ಟು, ಕಲೆಯ ಹೊರಗಿನಿಂದ ಒಳಕ್ಕೆ ಒತ್ತುತ್ತಾ ಬನ್ನಿ. ಮೊದಲು ಕಾಣದ ಜಾಗದಲ್ಲಿ ಪರೀಕ್ಷೆ ಮಾಡಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ, ದೀಪ, ಗ್ಯಾಸ್ ಒಲೆ ಇರಬಾರದು. ಸ್ಪಿರಿಟ್ ಪೂರ್ತಿ ಆರುವ ತನಕ ಇಸ್ತ್ರಿ ಮುಟ್ಟಿಸಬೇಡಿ. ರೇಷ್ಮೆ, ಉಣ್ಣೆಗೆ ಬ್ಲೀಚ್ ಹಾಕಲೇಬೇಡಿ, ಎಳೆಯೇ ಹಾಳಾಗುತ್ತದೆ.

ನೆಲದ ಮೇಲೆ ಬಿದ್ದರೆ

ಕೆಂಪು ಆಕ್ಸೈಡ್ ನೆಲ: ಹಳೆಯ ಮಲೆನಾಡ ಮನೆಗಳಲ್ಲಿ ಇದೇ ಹೆಚ್ಚು. ಗಟ್ಟಿಯಾದ ಮೇಣವನ್ನು ಪ್ಲಾಸ್ಟಿಕ್ ಸ್ಕೇಲ್ ಅಥವಾ ಮರದ ಸಟ್ಟುಗದಿಂದ ಎಬ್ಬಿಸಿ. ಕಬ್ಬಿಣದ ಚಾಕು, ಕತ್ತಿ ಮುಟ್ಟಿಸಿದರೆ ಗೀರು ಶಾಶ್ವತ. ಉಳಿದ ತೆಳು ಪದರದ ಮೇಲೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಒಂದು ನಿಮಿಷ ಇಟ್ಟು, ತಕ್ಷಣ ಒಣಬಟ್ಟೆಯಿಂದ ಒರೆಸಿ. ಈ ನೆಲಕ್ಕೆ ಮೇಣದ ಪಾಲಿಶ್ ಹಾಕುವ ರೂಢಿ ಇರುವುದರಿಂದ ಸ್ವಲ್ಪ ಉಳಿದರೂ ಹಾಳೇನಿಲ್ಲ. ಆದರೆ ಜಾರುತ್ತದೆ. ಮೆಟ್ಟಿಲ ಹತ್ತಿರ, ಬಚ್ಚಲ ಬಾಗಿಲಲ್ಲಿ ಸೋಪುನೀರು ಹಾಕಿ ಪೂರ್ತಿ ತೆಗೆಯಿರಿ. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಮರೆಯಲೇಬಾರದು.

ಟೈಲ್ಸ್, ಗ್ರಾನೈಟ್, ಕಡಪ ಕಲ್ಲು, ಮಾರ್ಬಲ್: ಗಟ್ಟಿ ಮೇಣ ಸುಲಭವಾಗಿ ಏಳುತ್ತದೆ. ಟೈಲ್ಸ್ ಸಂದಿಯಲ್ಲಿ ಸೇರಿದ್ದರೆ ಟಿಶ್ಯೂ ಹಾಕಿ ಬಿಸಿ ಚೊಂಬು ಇಡಿ, ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಸೋಪು ಹಚ್ಚಿ ತಿಕ್ಕಿ. ಮಾರ್ಬಲ್‌ಗೆ ನಿಂಬೆಹಣ್ಣು, ವಿನೆಗರ್ ಹಾಕಬೇಡಿ. ಹುಳಿಗೆ ಅದರ ಹೊಳಪು ಹೋಗುತ್ತದೆ, ಮೇಣಕ್ಕೆ ಏನೂ ಆಗುವುದಿಲ್ಲ.

ಸಗಣಿ ಸಾರಿಸಿದ ನೆಲ, ಅಂಗಳ: ಗಟ್ಟಿಯಾದ ಮೇಲೆ ಮೇಲ್ಪದರದ ಜೊತೆಗೇ ಎಬ್ಬಿಸಿ, ಆ ಜಾಗಕ್ಕೆ ಮತ್ತೆ ಸಾರಿಸಿ. ಬಿಸಿ ಮಾಡಿದರೆ ಮಣ್ಣು ಮೇಣವನ್ನು ಕುಡಿಯುತ್ತದೆ.

ರಂಗೋಲಿ ಮೇಲೆ: ದೀಪಾವಳಿಯಲ್ಲಿ ಮೇಣದ ಹಣತೆ ರಂಗೋಲಿ ನಡುವೆ ಇಟ್ಟು, ಮೇಣ ಬಣ್ಣದ ಪುಡಿಯ ಜೊತೆ ಸೇರಿ ನೆಲಕ್ಕೆ ಅಂಟುವುದುಂಟು. ಮೊದಲು ಒಣ ಪುಡಿಯನ್ನು ಗುಡಿಸಿ ತೆಗೆಯಿರಿ. ನೀರು ಹಾಕಿದರೆ ಪುಡಿಯ ಬಣ್ಣವೂ ನೆಲಕ್ಕೆ ಇಳಿಯುತ್ತದೆ.

ಮರದ ಸಾಮಾನು, ಗೋಡೆ, ಆಟಿಕೆ

ಸಾಗುವಾನಿ, ಬೀಟೆ ಮರದ ಹಳೆಯ ಟೇಬಲ್, ಕುರ್ಚಿಗಳಿಗೆ ಫ್ರೆಂಚ್ ಪಾಲಿಶ್ ಮಾಡಿರುತ್ತಾರೆ. ಅದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮಾಡುವ ಪಾಲಿಶ್. ಹಾಗಾಗಿ ಮೇಣ ತೆಗೆಯಲು ಅಂತ ಸ್ಪಿರಿಟ್ ಹಾಕಿದರೆ ಪಾಲಿಶೇ ಕರಗುತ್ತದೆ. ಬಿಸಿ ಚೊಂಬು ನೇರವಾಗಿ ಇಟ್ಟರೆ ಬಿಳಿ ಬಳೆಯಂಥ ಗುರುತು ಬೀಳುತ್ತದೆ. ಮರಕ್ಕೆ ತಣ್ಣನೆಯ ವಿಧಾನವೇ ಸರಿ. ಐಸ್ ಕವರ್ ಇಟ್ಟು, ಪ್ಲಾಸ್ಟಿಕ್ ಕಾರ್ಡ್‌ನಿಂದ ಮರದ ಎಳೆಯ ದಿಕ್ಕಿನಲ್ಲೇ ಎಬ್ಬಿಸಿ. ಉಳಿದ ಜಿಡ್ಡನ್ನು ಮೃದು ಬಟ್ಟೆಯಿಂದ ತಿಕ್ಕಿದರೆ ಹೊಳಪಾಗಿ ಸೇರಿಕೊಳ್ಳುತ್ತದೆ.

ಚನ್ನಪಟ್ಟಣದ ಬೊಂಬೆಗಳಿಗೂ ಇದೇ ಮಾತು. ಅವುಗಳ ಬಣ್ಣ ಅರಗಿನದ್ದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತುವಂತೆ ಮಾಡುತ್ತಾರೆ. ಬಿಸಿಗೆ ಹತ್ತಿದ್ದು ಬಿಸಿಗೇ ಬಿಡುತ್ತದೆ. ಬೊಂಬೆ ಮೇಲೆ ಮೇಣ ಬಿದ್ದರೆ ಹೇರ್ ಡ್ರೈಯರ್, ಬಿಸಿನೀರು ಎರಡೂ ಬೇಡ.

ಪೇಂಟ್ ಹಚ್ಚಿದ ಗೋಡೆಗೆ ಸಿಡಿದಿದ್ದರೆ ಗಟ್ಟಿ ಹನಿಯನ್ನು ಕಾರ್ಡ್‌ನಿಂದ ತೆಗೆದು, ಟಿಶ್ಯೂ ಒತ್ತಿ ಹಿಡಿದು, ಹೇರ್ ಡ್ರೈಯರ್ ಅನ್ನು ಒಂದು ಗೇಣು ದೂರದಿಂದ ಕಡಿಮೆ ಬಿಸಿಯಲ್ಲಿ ಬಿಡಿ. ಸುಣ್ಣ, ಡಿಸ್ಟೆಂಪರ್ ಗೋಡೆಯಾದರೆ ಒಂದಿಷ್ಟು ಬಣ್ಣವೂ ಕಿತ್ತು ಬರುತ್ತದೆ, ಅಲ್ಲಿಗೆ ಮತ್ತೆ ಬಳಿಯುವುದೇ ದಾರಿ.

ದೀಪ, ಸ್ಟ್ಯಾಂಡ್ ತೊಳೆಯುವಾಗ ಈ ತಪ್ಪು ಮಾಡಬೇಡಿ

ಹಿತ್ತಾಳೆ ದೀಪ, ಮೇಣದಬತ್ತಿ ಸ್ಟ್ಯಾಂಡ್, ತಟ್ಟೆಗೆ ಅಂಟಿದ ಮೇಣಕ್ಕೆ ಬಿಸಿನೀರು ಒಳ್ಳೆಯದೇ. ಆದರೆ ಸಿಂಕ್‌ನಲ್ಲಿ ತೊಳೆಯಬೇಡಿ. ಕರಗಿದ ಮೇಣ ಪೈಪ್‌ನೊಳಗೆ ಹೋಗಿ, ಅಲ್ಲಿ ತಣ್ಣಗಾಗಿ, ಮತ್ತೆ ಗಟ್ಟಿಯಾಗುತ್ತದೆ. ಅದರ ಮೇಲೆ ಜಿಡ್ಡು, ಅನ್ನದ ಅಗುಳು ಕೂತು ಪೈಪ್ ಕಟ್ಟುತ್ತದೆ.

ಹಳೆಯ ಬಕೆಟ್‌ನಲ್ಲಿ ಬಿಸಿನೀರು ಹಾಕಿ ದೀಪ ಮುಳುಗಿಸಿಡಿ. ಮೇಣ ನೀರಿಗಿಂತ ಹಗುರ, ಕರಗಿ ಮೇಲಕ್ಕೆ ತೇಲುತ್ತದೆ. ದೀಪವನ್ನು ಇಕ್ಕಳದಿಂದ ಹೊರತೆಗೆದು ತಕ್ಷಣ ಒರೆಸಿ. ನೀರು ತಣ್ಣಗಾಗಲು ಬಿಟ್ಟರೆ ಮೇಣ ಹಾಲಿನ ಕೆನೆಯಂತೆ ಮೇಲೆ ಕಟ್ಟುತ್ತದೆ. ಕೈಯಲ್ಲೇ ಎತ್ತಿ ತೆಗೆದು ಆಮೇಲೆ ನೀರು ಚೆಲ್ಲಿ.

ಹೀಗೆ ಉಳಿದ ಮೇಣ, ಬತ್ತಿಯ ತುಂಡುಗಳನ್ನು ಎಸೆಯಬೇಡಿ. ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗುವ ಮರದ ಡ್ರಾಯರ್, ಕಿಟಕಿಯ ಅಂಚಿಗೆ ಉಜ್ಜಿದರೆ ಸಲೀಸಾಗಿ ಜಾರುತ್ತವೆ. ಬ್ಯಾಗಿನ ಜಿಪ್‌ಗೂ ಆಗುತ್ತದೆ.

ಇವಿಷ್ಟು ಬೇಡವೇ ಬೇಡ

ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್‌ಗೆ ಮೇಣ ಕರಗುವುದು ನಿಜ. ಆದರೆ ಮನೆಯಲ್ಲಿ ಮೇಣ ಬಿದ್ದಿದೆ ಅಂದರೆ ಹತ್ತಿರದಲ್ಲಿ ಬೆಂಕಿ ಇದೆ ಅಂತಲೇ ಅರ್ಥ. ಪೆಟ್ರೋಲ್‌ನ ಆವಿ ಕಣ್ಣಿಗೆ ಕಾಣದೆ ನೆಲದಗುಂಟ ಹರಡಿ, ದೂರದ ದೀಪದಿಂದಲೂ ಹೊತ್ತಿಕೊಳ್ಳುತ್ತದೆ. ಒಂದು ಸೀರೆಗಾಗಿ ಇಂಥ ಅಪಾಯ ಬೇಡ.

ಉಗುರು ಬಣ್ಣ ತೆಗೆಯುವ ಅಸಿಟೋನ್ ಕೂಡ ಬೇಡ. ಅದು ಮೇಣವನ್ನು ಅಷ್ಟಾಗಿ ಕರಗಿಸುವುದಿಲ್ಲ, ಬದಲಿಗೆ ಕೆಲವು ಬಗೆಯ ಬಟ್ಟೆಯನ್ನೇ ಕರಗಿಸುತ್ತದೆ. ಪೇಂಟ್, ಪ್ಲಾಸ್ಟಿಕ್ ಮೇಲೂ ಗುರುತು ಬೀಳಿಸುತ್ತದೆ.

ಮೇಣ ಕರಗಿಸಲು ನೇರವಾಗಿ ಬಾಣಲೆಯಲ್ಲಿ ಹಾಕಿ ಒಲೆ ಮೇಲಿಡಬೇಡಿ. ವಿಪರೀತ ಕಾದರೆ ಅದು ಎಣ್ಣೆಯಂತೆ ಹೊತ್ತಿಕೊಳ್ಳುತ್ತದೆ. ಹೊತ್ತಿದ ಮೇಣಕ್ಕೆ ನೀರು ಹಾಕಿದರೆ ಬೆಂಕಿ ಭಗ್ಗನೆ ಮೇಲಕ್ಕೆ ಹಾರುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಿ, ಹಾಗೇ ಬಿಡಿ.

ಕೈ ಮೇಲೆ, ಮಕ್ಕಳ ಮೇಲೆ ಬಿದ್ದರೆ

ಬಿಸಿ ಮೇಣ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ತಕ್ಷಣ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್ ಬೇಡ. ಟೂತ್‌ಪೇಸ್ಟ್, ಅರಿಶಿನ, ಶಾಯಿ ಹಚ್ಚಬೇಡಿ. ಮೇಣ ತಾನಾಗಿ ಏಳದಿದ್ದರೆ ಕಿತ್ತು ತೆಗೆಯಬೇಡಿ, ಚರ್ಮವೂ ಬರುತ್ತದೆ. ಬೊಬ್ಬೆ ಬಂದರೆ, ಮುಖ ಅಥವಾ ಕಣ್ಣಿನ ಹತ್ತಿರ ಬಿದ್ದಿದ್ದರೆ, ಚಿಕ್ಕ ಮಗುವಾಗಿದ್ದರೆ ತಡಮಾಡದೆ ಡಾಕ್ಟರ್ ಹತ್ತಿರ ಕರೆದೊಯ್ಯಿರಿ.

ಮಕ್ಕಳ ಕೂದಲಿಗೆ ಮೇಣ ಅಂಟಿದ್ದರೆ ಕತ್ತರಿ ಹಿಡಿಯುವ ಮೊದಲು ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ. ಹಲಸಿನ ಮೇಣ ಕೈಗೆ ಅಂಟಿದರೆ ಎಣ್ಣೆ ಹಚ್ಚಿ ತೆಗೆಯುತ್ತೇವಲ್ಲ, ಹಾಗೇ. ಎಣ್ಣೆಗೆ ಮೇಣ ಮೆತ್ತಗಾಗಿ ಬಿಡುತ್ತದೆ. ಬಾಚಣಿಗೆಯಿಂದ ಮೆಲ್ಲಗೆ ಎಳೆದು, ಆಮೇಲೆ ಸೀಗೆಕಾಯಿ ಅಥವಾ ಶಾಂಪೂ ಹಾಕಿ ತೊಳೆಯಿರಿ.

ಮತ್ತೆ ಬೀಳದಂತೆ

ಮೇಣದಬತ್ತಿಯನ್ನು ಟಿವಿ ಸ್ಟ್ಯಾಂಡ್, ಪ್ಲಾಸ್ಟಿಕ್ ಸ್ಟೂಲ್, ಮಂಚದ ಅಂಚಿಗೆ ಅಂಟಿಸಬೇಡಿ. ಅಗಲವಾದ ಸ್ಟೀಲ್ ತಟ್ಟೆಯ ನಡುವೆ ನಿಲ್ಲಿಸಿ, ಸುತ್ತ ಸ್ವಲ್ಪ ನೀರು ಹಾಕಿ. ಇಳಿದ ಮೇಣ ನೀರಿನಲ್ಲೇ ಗಟ್ಟಿಯಾಗುತ್ತದೆ, ತಟ್ಟೆಗೆ ಅಂಟುವುದಿಲ್ಲ. ಗಾಳಿ ಬೀಸುವ ಕಿಟಕಿ, ಪರದೆಯಿಂದ ದೂರ ಇಡಿ. ಗಾಳಿಗೆ ಒಂದೇ ಕಡೆ ಕರಗಿ ಸುರಿಯುವುದೂ ಕಡಿಮೆಯಾಗುತ್ತದೆ. ಉರಿಯುವ ಬತ್ತಿಯನ್ನು ಕೈಯಲ್ಲಿ ಹಿಡಿದು ಓಡಾಡುವ ಬದಲು ಟಾರ್ಚ್ ಬಳಸಿ. ರೇಷ್ಮೆ ಸೀರೆ ಉಡುವ ಹಬ್ಬದ ದಿನಕ್ಕೆ ಚಾರ್ಜ್ ಮಾಡಿದ ಎಲ್‌ಇಡಿ ದೀಪ ಒಂದಿರಲಿ. ಅದೂ ಇಲ್ಲ, ಮೇಣದಬತ್ತಿಯೇ ಗತಿ ಅಂತಾದರೆ ಬಿಳಿ ಬತ್ತಿಯನ್ನೇ ತಂದಿಡಿ.

ಆ ಸೀರೆ ಏನಾಯ್ತು?

ಅಂಗಡಿಯ ಹಿರಿಯರು ಚೊಂಬು, ಟಿಶ್ಯೂ ಇಟ್ಟು ಮುಕ್ಕಾಲು ಗಂಟೆ ಕೂತು ಮೇಣ ಪೂರ್ತಿ ತೆಗೆದುಕೊಟ್ಟರು. ಬಿಸಿನೀರಿಗೆ ಹರಡಿದ್ದ ಕೆಂಪು ಹೋಗಲಿಲ್ಲ. ಡ್ರೈಕ್ಲೀನಿಂಗ್ ಮಾಡಿಸಿದ ಮೇಲೆ ತಿಳಿ ಗುಲಾಬಿ ನೆರಳಾಗಿ ಉಳಿಯಿತು. ಅದರ ಪಕ್ಕ ಪೇಪರ್ ಶಾಯಿಯ ಬೂದು ಮಸುಕು. ಬಿದ್ದಾಗ ನಾಣ್ಯದಷ್ಟಿದ್ದಿದ್ದು ಈಗ ಅಂಗೈಯಷ್ಟು.

ಅತ್ತಿಗೆಗೆ ತಿಂಗಳುಗಟ್ಟಲೆ ಅದೇ ಕೊರಗು. ದೀಪಾವಳಿಗೆ ಅಮ್ಮನೇ ಆ ಸೀರೆ ತೆಗೆದುಕೊಟ್ಟು, "ಸೆರಗು ಹಿಂದಕ್ಕೆ ಬರೋ ಹಾಗೆ ಮಡಚಿ ಉಡು, ಯಾರಿಗೂ ಕಾಣಲ್ಲ. ನನ್ನ ಮದುವೆ ದಿನ ಬಿದ್ದ ಅರಿಶಿನದ ಕಲೆನೂ ಅದರಲ್ಲೇ ಇದೆ, ನೋಡು" ಅಂದರು. ಅತ್ತಿಗೆ ಉಟ್ಟರು. ಆ ಸಂಜೆಯೂ ಕರೆಂಟ್ ಹೋಯ್ತು. ಈ ಸಲ ಮೇಣದಬತ್ತಿ ಅಗಲದ ತಟ್ಟೆಯಲ್ಲಿ, ನೀರಿನ ನಡುವೆ ನಿಂತಿತ್ತು.